ಸೊಂಟ ಸವರಿ ಹೋಗುವ ಕೈ: ಸಾಫ್ಟ್‌ಬಾಲ್ ಪಿಚಿಂಗ್ ಕಲಿಯುವ ಹುಡುಗಿಯರಿಗೆ

ನನ್ನ ಹತ್ತಿರ ಪಿಚಿಂಗ್, ಅಂದರೆ ಬ್ಯಾಟರ್‌ಗೆ ಕೈ ಕೆಳಗಿಂದ ಚೆಂಡು ಎಸೆಯುವುದನ್ನು, ಕಲಿಯಲು ಬರುವ ಹುಡುಗಿಯರ ಬಟ್ಟೆ, ಬೂಟು ನೋಡಿದರೆ ಸಾಕು, ಯಾರು ಸರಿಯಾಗಿ ಎಸೆಯುತ್ತಿದ್ದಾರೆ ಎಂದು ಹೇಳಿಬಿಡಬಹುದು. ಟ್ರ್ಯಾಕ್ ಪ್ಯಾಂಟಿನ ಬಲಸೊಂಟದ ಹತ್ತಿರ, ಜೇಬು ಶುರುವಾಗುವಲ್ಲಿ, ಬಟ್ಟೆ ಉಜ್ಜಿ ಉಜ್ಜಿ ಜುಂಗೆದ್ದಿರಬೇಕು. ಬಲಗಾಲಿನ ಬೂಟಿನ ಮೂತಿ ಸವೆದು ಹೋಗಿರಬೇಕು. ಈ ಎರಡು ಗುರುತೂ ಇಲ್ಲದೆ "ಭುಜ ನೋವು" ಎನ್ನುವವಳು ಬರೀ ತೋಳಿನ ಬಲದಿಂದ ಎಸೆಯುತ್ತಿದ್ದಾಳೆ ಎಂದೇ ಲೆಕ್ಕ.

ನಾನೂ ಒಂದು ಕಾಲದಲ್ಲಿ ಹಾಗೇ ಎಸೆದವಳು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ಹಾಗೇ ಕಲಿಸಿದವಳು ಕೂಡ. ಕಾಲೇಜಿನಲ್ಲಿದ್ದಾಗ ನಮಗೆ ಹೇಳಿಕೊಟ್ಟದ್ದು ಎರಡೇ ಮಂತ್ರ: ಮಣಿಕಟ್ಟು ಚಟಕ್ಕನೆ ಮಡಚು, ಚೆಂಡು ಬಿಟ್ಟ ಮೇಲೆ ಮೊಣಕೈಯನ್ನು ಕಿವಿಯ ತನಕ ಎತ್ತು. ಅದನ್ನೇ ನಾನು ಐದು ವರ್ಷ ಮಕ್ಕಳಿಗೆ ಉರು ಹೊಡೆಸಿದೆ. ಒಂದು ದಿನ ಅಂಕೋಲೆ ಕಡೆಯಿಂದ ಬರುತ್ತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ, "ಅಕ್ಕೋರೆ, ನೀವು ಹೇಳಿದಂಗೆ ಮಾಡಿದ್ರೆ ಮೊಣಕೈ ಚುಳ್ ಅಂತದೆ. ಮರೆತು ಎಸೆದ್ರೆ ಏನೂ ಆಗೂದಿಲ್ಲ" ಅಂದಳು. ಸಿಟ್ಟು ಬಂತು. ಆದರೂ ಅವಳು 'ಮರೆತು' ಎಸೆಯುವುದನ್ನು ಫೋನಿನಲ್ಲಿ ಸ್ಲೋಮೋಷನ್ ಹಿಡಿದು, ಮನೆಗೆ ಹೋಗಿ, ಒಲಿಂಪಿಕ್ ಪಿಚ್ಚರ್‌ಗಳ (ಚೆಂಡು ಎಸೆಯುವವರ) ವಿಡಿಯೊ ಪಕ್ಕದಲ್ಲಿಟ್ಟು ನೋಡಿದೆ. ಎರಡರಲ್ಲೂ ಮುಂಗೈ ಸೊಂಟವನ್ನು ಸವರಿಕೊಂಡು ಹೋಗುತ್ತಿತ್ತು. ಅಂಗೈ ತೊಡೆಯ ಕಡೆ ಮುಖ ಮಾಡಿ ಬಂದು, ಚೆಂಡು ಬಿಡುವ ಗಳಿಗೆಯಲ್ಲಿ ತಾನಾಗಿ ಹೊರಳುತ್ತಿತ್ತು. ಮೊಣಕೈ ಕಿವಿಗೆ ಏರುವುದು ಎಲ್ಲೂ ಕಾಣಲಿಲ್ಲ. ಹೊಟ್ಟೆಯ ಮುಂದೆ ಸಡಿಲವಾಗಿ ಬಂದು ನಿಲ್ಲುತ್ತಿತ್ತು. ನಾನು ಬಾಯಲ್ಲಿ ಹೇಳಿಕೊಡುತ್ತಿದ್ದದ್ದು ಒಂದು, ಒಳ್ಳೆಯ ಪಿಚ್ಚರ್‌ಗಳ ಕೈ ಮಾಡುತ್ತಿದ್ದದ್ದು ಇನ್ನೊಂದು.

ಕೆಳಗಿನ ಅಭ್ಯಾಸಗಳೆಲ್ಲ ಆ ಸಂಜೆಯ ನಂತರ ತಿದ್ದಿಕೊಂಡವು. ಇವುಗಳ ಕ್ರಮ ತುದಿಯಿಂದ ಬುಡಕ್ಕೆ: ಮೊದಲು ಚೆಂಡು ಕೈ ಬಿಡುವ ಜಾಗ, ಆಮೇಲೆ ತೋಳಿನ ಸುತ್ತು, ಕಡೆಗೆ ಕಾಲು. ಬಲಗೈಯವರಿಗೆ ಹೊಂದುವಂತೆ ಬರೆದಿದ್ದೇನೆ. ಎಡಚರು ಎಡ-ಬಲ ಅದಲುಬದಲು ಮಾಡಿ ಓದಿಕೊಳ್ಳಿ.

ಅಳತೆ ಮತ್ತು ಜಾಗ

ಮಹಿಳೆಯರ ಫಾಸ್ಟ್‌ಪಿಚ್‌ನಲ್ಲಿ (ಚೆಂಡನ್ನು ಜೋರಾಗಿ ಎಸೆಯುವ ಸಾಫ್ಟ್‌ಬಾಲ್) ಪಿಚ್ಚರ್ ನಿಲ್ಲುವ ಪಿಚಿಂಗ್ ಪ್ಲೇಟಿಗೂ ಬ್ಯಾಟರ್ ಪಕ್ಕದ ಹೋಮ್ ಪ್ಲೇಟಿಗೂ ನಡುವೆ 43 ಅಡಿ, ಅಂದರೆ 13.1 ಮೀಟರ್. ಗಂಡಸರಿಗೆ 46 ಅಡಿ. ಅಮೆರಿಕದ ಮಕ್ಕಳ ಪಂದ್ಯಗಳಲ್ಲಿ ಹತ್ತು ವರ್ಷದೊಳಗಿನವರಿಗೆ 35, ಹನ್ನೆರಡರೊಳಗಿನವರಿಗೆ 40 ಅಡಿ ಇಡುವ ರೂಢಿಯಿದೆ. ನಾನೂ ಹೊಸಬರನ್ನು 35ರಿಂದಲೇ ಶುರು ಮಾಡಿಸುತ್ತೇನೆ. ಪ್ರತಿ ಸಲ ಟೇಪು ಹಿಡಿದು ಅಳೆಯುವ ಕಷ್ಟ ಬೇಡ. ಒಂದು ನೈಲಾನ್ ಹಗ್ಗಕ್ಕೆ 10, 20, 35, 40, 43 ಅಡಿಗೆ ಗಂಟು ಹಾಕಿ ಚೀಲದಲ್ಲಿ ಇಟ್ಟುಕೊಳ್ಳಿ.

ಚೆಂಡಿನ ಸುತ್ತಳತೆ 12 ಇಂಚು, ತೂಕ 178ರಿಂದ 198 ಗ್ರಾಂ. ಹೆಸರು ಸಾಫ್ಟ್‌ಬಾಲ್ ಅಷ್ಟೇ, ಕ್ರಿಕೆಟ್ ಚೆಂಡಿಗಿಂತ ದೊಡ್ಡದು, ಭಾರವೂ ಹೆಚ್ಚು. ಗಂಟೆಗೆ 90 ಕಿ.ಮೀ. ವೇಗದಲ್ಲಿ ಎಸೆದರೆ ಬ್ಯಾಟರ್ ಹತ್ತಿರ ಮುಟ್ಟಲು ಅರ್ಧ ಸೆಕೆಂಡೂ ಬೇಡ. ಆದ್ದರಿಂದ ಎದುರು ಕೂರುವ ಕ್ಯಾಚರ್‌ಗೆ ಮಾಸ್ಕ್ ಹಾಕಿಸಿ. ಕ್ಯಾಚರ್ ಸಿಗದ ದಿನ ಹಳೆ ಬಲೆ ಸಾಕು. ನಾವು ಎರಡು ಗಾಳಿಮರಗಳ ನಡುವೆ ಮೀನುಗಾರರಿಂದ ಕೇಳಿ ತಂದ ಹರಕು ಬಲೆಯನ್ನು ಎರಡು ಪದರ ಮಾಡಿ ಕಟ್ಟಿದ್ದೇವೆ. ಕೆಳಗಿನ ಅಂಚನ್ನು ನೆಲಕ್ಕೆ ಬಿಗಿಯದೆ ಸಡಿಲ ಬಿಡಿ. ಬಿಗಿದರೆ ಚೆಂಡು ಚಿಮ್ಮಿ ನಿಮ್ಮ ಮೊಣಕಾಲಿಗೇ ವಾಪಸ್ ಬರುತ್ತದೆ.

ಕಾರವಾರದಲ್ಲಿ ಸಂಜೆ ಎಲ್ಲ ಮೈದಾನವೂ ಕ್ರಿಕೆಟ್ ಹುಡುಗರ ಪಾಲು. ನಮಗೆ ಉಳಿಯುವುದು ಶಾಲೆಯ ಕೆಮ್ಮಣ್ಣಿನ ಅಂಗಳ ಮತ್ತು ಟಾಗೋರ್ ಬೀಚು. ಅಂಗಳದಲ್ಲಿ ಗುರಿಯ ಅಭ್ಯಾಸ, ಬೀಚಿನಲ್ಲಿ ಕಾಲಿನ ಅಭ್ಯಾಸ ಎಂದು ಹಂಚಿಕೊಂಡಿದ್ದೇವೆ. ಬೀಚಿನಲ್ಲಿ ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಬೀಸುವ ಗಾಳಿ ಅಡ್ಡ ಹೊಡೆಯುವುದರಿಂದ ಅಲ್ಲಿ ಗುರಿ ನೋಡುವುದರಲ್ಲಿ ಅರ್ಥವಿಲ್ಲ. ಆದರೆ ಕಾಲಿನ ತಪ್ಪು ಕಾಣಲು ಅದರಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಮುಂದೆ ಹೇಳುತ್ತೇನೆ.

ಶುರುವಿಗೆ ಹತ್ತು ನಿಮಿಷ ಮೈ ಬೆಚ್ಚಗಾಗಲಿ. ಓಟ, ಸೊಂಟ ತಿರುಗಿಸುವುದು, ತೋಳುಗಳನ್ನು ದೊಡ್ಡ ವೃತ್ತದಲ್ಲಿ ಬೀಸುವುದು. ಇದು ಎಲ್ಲರಿಗೂ ಗೊತ್ತಿದೆ, ಯಾರೂ ಮಾಡುವುದಿಲ್ಲ.

1. ಹಿಡಿತ ಮತ್ತು ಕಪ್ಪು ಟೇಪಿನ ಪರೀಕ್ಷೆ

ಚೆಂಡಿನ ಮೇಲೆ ಹೊಲಿಗೆ ಲಾಳದ ಆಕಾರದಲ್ಲಿ ಬಾಗುವ ಜಾಗ ಹುಡುಕಿ. ಆ ಹೊಲಿಗೆಗೆ ಅಡ್ಡಲಾಗಿ ಬೆರಳುಗಳ ಮೊದಲ ಗೆಣ್ಣು ಕೂರಲಿ, ಹೆಬ್ಬೆರಳು ಎದುರು ಬದಿಗೆ. ಅಂಗೈಗೂ ಚೆಂಡಿಗೂ ನಡುವೆ ಪೆನ್ಸಿಲ್ ತೂರುವಷ್ಟು ಸಂದು ಇರಬೇಕು. ಕೈ ಚಿಕ್ಕದಿದ್ದರೆ ಮೂರು ಬೆರಳು ಮೇಲೆ ಬಂದರೂ ತೊಂದರೆಯಿಲ್ಲ. ಬಿಗಿ ಎಷ್ಟಿರಬೇಕು ಎಂದು ಮಕ್ಕಳು ಕೇಳುತ್ತಾರೆ. ಕೋಳಿಮೊಟ್ಟೆ ಹಿಡಿದ ಹಾಗೆ ಎನ್ನುತ್ತೇನೆ: ಬೀಳಬಾರದು, ಒಡೆಯಲೂಬಾರದು.

ಇನ್ನು ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಕಪ್ಪು ಇನ್ಸುಲೇಷನ್ ಟೇಪು ತನ್ನಿ. ಚೆಂಡು ಹಿಡಿದಾಗ ನಡುಬೆರಳು ಯಾವ ದಿಕ್ಕಿಗೆ ಇರುತ್ತದೋ ಅದೇ ದಿಕ್ಕಿನಲ್ಲಿ, ಚೆಂಡಿನ ಹೊಟ್ಟೆ ಬಳಸಿ ಒಂದು ಸುತ್ತು ಅಂಟಿಸಿ. ಎಸೆದ ಚೆಂಡು ನೆಟ್ಟಗೆ ತಿರುಗಿದರೆ ಕಪ್ಪು ಪಟ್ಟಿ ಒಂದೇ ಗೆರೆಯಾಗಿ ನಿಂತಂತೆ ಕಾಣುತ್ತದೆ. ಬೆರಳು ಪಕ್ಕಕ್ಕೆ ಜಾರಿದ್ದರೆ ಪಟ್ಟಿ ಕುಡಿದವನ ಹಾಗೆ ಓಲಾಡುತ್ತದೆ. ಹುಡುಗಿಗೆ ನಾನು ಏನೂ ಹೇಳಬೇಕಾಗಿಲ್ಲ. ಪಟ್ಟಿಯನ್ನು ಅವಳೇ ನೋಡಿ ಅವಳೇ ತಿದ್ದಿಕೊಳ್ಳುತ್ತಾಳೆ.

2. ಸೊಂಟ ಸವರುವ ಅಭ್ಯಾಸ

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ. ಮೊದಲ ಎರಡು ವಾರ ಬೇರೇನೂ ಮಾಡದಿದ್ದರೂ ನಷ್ಟವಿಲ್ಲ.

ಬಲೆಯಿಂದ 10 ಅಡಿ ದೂರ ನಿಲ್ಲಿ. ಎಡಗಾಲು ಮುಂದೆ, ಬಲಗಾಲು ಹಿಂದೆ, ದೇಹ ಅರ್ಧ ಬಲಕ್ಕೆ ತೆರೆದಿರಲಿ. ಬಲಗೈ ಸಡಿಲವಾಗಿ ಕೆಳಗೆ ಇಳಿಬಿಡಿ. ಮೊಣಕೈಯಲ್ಲಿ ಸ್ವಲ್ಪ ಮಡಿಕೆ ಇರಲಿ, ಕೋಲಿನಂತೆ ನೆಟ್ಟಗೆ ಬೇಡ. ಅಂಗೈ ಹೊರಗೆ ತಿರುಗಿರದೆ ತೊಡೆಯ ಕಡೆ ನೋಡುತ್ತಿರಲಿ. ಈಗ ಚೆಂಡನ್ನು ಒಂದೂವರೆ ಅಡಿ ಹಿಂದಕ್ಕೆ ತೂಗಿ, ಗಡಿಯಾರದ ಲೋಲಕದಂತೆ ಮುಂದಕ್ಕೆ ಬಿಡಿ. ಮಣಿಕಟ್ಟಿಗೂ ಮೊಣಕೈಗೂ ನಡುವಿನ ಭಾಗ ಸೊಂಟದ ಎಲುಬಿಗೆ ತಾಗಿ ಉಜ್ಜಿಕೊಂಡು ಹೋಗಬೇಕು. ತಾಗಿದ ಕ್ಷಣದಲ್ಲೇ ಚೆಂಡು ಕೈ ಬಿಡುತ್ತದೆ. ನೀವು ಬಿಡಬೇಕಾಗಿಲ್ಲ, ಅದೇ ಬಿಡುತ್ತದೆ.

ತಾಗಿಸುವುದು ಯಾಕೆ? ಒದ್ದೆ ಪಂಜೆಯನ್ನು ಹಿಂಡಿ ಕೊಡವುವಾಗ ಏನು ಮಾಡುತ್ತೀರಿ ನೆನಪು ಮಾಡಿಕೊಳ್ಳಿ. ಕೈಯನ್ನು ಜೋರಾಗಿ ತಂದು ತಟ್ಟನೆ ನಿಲ್ಲಿಸುತ್ತೀರಿ. ಕೈ ನಿಂತದ್ದಕ್ಕೆ ಬಟ್ಟೆಯ ತುದಿ ಫಟ್ ಅನ್ನುತ್ತದೆ. ಇಲ್ಲಿ ಮೇಲ್ತೋಳು ಸೊಂಟದ ಹತ್ತಿರ ನಿಧಾನವಾಗುತ್ತದೆ, ಆ ವೇಗವೆಲ್ಲ ಮುಂಗೈಗೆ, ಅಲ್ಲಿಂದ ಬೆರಳಿಗೆ ದಾಟುತ್ತದೆ. ಕೈ ಬಿಗಿ ಮಾಡಿಕೊಂಡರೆ ದಾಟುವುದಿಲ್ಲ. ಮಣಿಕಟ್ಟನ್ನು ಬೇಕೆಂದೇ ಮಡಚಲು ಹೋದರೂ ಅಷ್ಟೆ, ಮಡಚಬೇಕೆಂಬ ಯೋಚನೆಯಲ್ಲೇ ಕೈ ಬಿಗಿಯಾಗುತ್ತದೆ. ನನ್ನ ಹಳೆಯ ಮಂತ್ರದ ದೋಷ ಇದೇ ಆಗಿತ್ತು. ಮೊಣಕಾಲೂರಿ ಕುಳಿತು ಬರೀ ಮಣಿಕಟ್ಟು ಚಟಕಿಸುವ ಅಭ್ಯಾಸವನ್ನು ಈಗಲೂ ಅನೇಕ ಕಡೆ ಮಾಡಿಸುತ್ತಾರೆ. ನಾನು ಪೂರ್ತಿ ಬಿಟ್ಟಿದ್ದೇನೆ.

ಇಪ್ಪತ್ತು ಚೆಂಡು ಎಸೆದ ಮೇಲೆ ಪ್ಯಾಂಟಿನ ಮೇಲೆ ಮುಂಗೈ ತಾಗಿದ ಜಾಗ ಬೆಚ್ಚಗಾಗಿದೆಯೇ ನೋಡಿ. ಮೊಣಕೈಯೇ ಸೊಂಟಕ್ಕೆ ಬಡಿಯುತ್ತಿದ್ದರೆ ಕೈ ದೇಹಕ್ಕೆ ಅತಿ ಹತ್ತಿರ ಬಂದಿದೆ ಅಥವಾ ಸೊಂಟ ಬೇಗ ಮುಚ್ಚಿಕೊಳ್ಳುತ್ತಿದೆ. ಇಲ್ಲಿ ನಿಯಮವನ್ನೂ ಗಮನದಲ್ಲಿಡಿ: ಚೆಂಡು ಬಿಡುವಾಗ ಕೈ ಸೊಂಟಕ್ಕಿಂತ ಕೆಳಗಿರಬೇಕು, ಮಣಿಕಟ್ಟು ಮೊಣಕೈಗಿಂತ ದೇಹದಿಂದ ದೂರ ಹೋಗಬಾರದು. ಅಂಗಳದಲ್ಲಿ ಅಂಡರ್‌ಆರ್ಮ್ ಕ್ರಿಕೆಟ್ ಆಡಿ ಬೆಳೆದ ಮಕ್ಕಳ ಕೈ ಪಕ್ಕಕ್ಕೆ ಹೋಗಿ ಅಡ್ಡ ಬೀಸುವುದು ಸಾಮಾನ್ಯ. ಅವರಿಗೆ ಇದನ್ನು ಬಿಡಿಸಲು ಒಂದು ತಿಂಗಳು ಬೇಕು. ಬಯ್ದು ಪ್ರಯೋಜನವಿಲ್ಲ. ಬಲಗೈ ಪಕ್ಕದಲ್ಲಿ, ಎರಡು ಗೇಣು ದೂರಕ್ಕೆ ಗೋಡೆ ಬರುವಂತೆ ನಿಲ್ಲಿಸಿ, ಚೆಂಡಿನ ಬದಲು ಸುತ್ತಿದ ಕಾಲುಚೀಲ ಕೊಡಿ. ಒಮ್ಮೆ ಕೈಬೆರಳು ಗೋಡೆಗೆ ತಾಗಿದರೆ ಕೈ ತಾನೇ ನೆಟ್ಟಗಾಗುತ್ತದೆ.

3. ಒಂಬತ್ತು ಗಂಟೆ, ಹನ್ನೆರಡು ಗಂಟೆ

ಮೂರನೇ ಬೇಸಿನ ಕಡೆ, ಅಂದರೆ ಬ್ಯಾಟರಿಗೆ ಮುಖ ಮಾಡಿದ ಪಿಚ್ಚರಿನ ಬಲಗಡೆ, ನಿಂತು ಅವಳನ್ನು ನೋಡುವವರಿಗೆ ಅವಳ ತೋಳು ಗಡಿಯಾರದ ಮುಳ್ಳಿನಂತೆ ಕಾಣುತ್ತದೆ, ತಿರುಗುವುದು ಮಾತ್ರ ಉಲ್ಟಾ. ಕೆಳಗೆ ಆರು, ಮುಂದೆ ಮೂರು, ನೆತ್ತಿಯ ಮೇಲೆ ಹನ್ನೆರಡು, ಹಿಂದೆ ಒಂಬತ್ತು, ಮತ್ತೆ ಆರಕ್ಕೆ ಬಂದು ಬಿಡುಗಡೆ.

ಮೊದಲು ಒಂಬತ್ತರಿಂದ ಶುರು ಮಾಡಿ. ದೂರ 15 ಅಡಿ. ತೋಳು ಹಿಂದಕ್ಕೆ ಭುಜದ ಮಟ್ಟದಲ್ಲಿ ಚಾಚಿರಲಿ. ಅಂಗೈ ಆಕಾಶ ನೋಡಲಿ ಅಥವಾ ಮೂರನೇ ಬೇಸಿನ ಕಡೆ ನೋಡಲಿ. ಬೆನ್ನ ಹಿಂದಿನ ಎರಡನೇ ಬೇಸಿನ ಕಡೆ ತಿರುಗಿಸಿ ಚೆಂಡನ್ನು ಕೆಳಕ್ಕೆ ನೂಕಬೇಡಿ. ಅಲ್ಲಿಂದ ಕೈ ಬೀಳಬಿಡಿ. ಹೌದು, ಬೀಳಬಿಡುವುದೇ. ತೆಂಗಿನಮರದಿಂದ ಹೆಡೆ ಕಳಚಿ ಬೀಳುವ ಹಾಗೆ ತೋಳು ತನ್ನ ಭಾರಕ್ಕೆ ಇಳಿದು ಸೊಂಟ ಸವರಲಿ. ಹದಿನೈದು ಚೆಂಡು.

ಆಮೇಲೆ ಹನ್ನೆರಡು. ದೂರ 20 ಅಡಿ. ಎಡಗಾಲು ಆಗಲೇ ಮುಂದೆ ಊರಿರಲಿ, ಎರಡೂ ಕಾಲಿನ ನಡುವೆ ಮೂರು ಅಡಿ ಅಂತರ, ಸೊಂಟ ಮೂರನೇ ಬೇಸಿಗೆ ತೆರೆದಿರಲಿ, ಬಲಗೈ ನೆತ್ತಿಯ ಮೇಲೆ, ಗ್ಲೌಸಿನ ಕೈ ಕ್ಯಾಚರಿನತ್ತ. ಈಗ ಗ್ಲೌಸಿನ ಕೈ ಕೆಳಗಿಳಿದು ದೇಹದ ಹತ್ತಿರ ಬರುವಾಗಲೇ ಬಲಗೈಯೂ ಇಳಿಯಬೇಕು. ಗ್ಲೌಸು ಎಡಕ್ಕೆ ರೆಕ್ಕೆಯಂತೆ ಹಾರಿದರೆ ಭುಜವೂ ಅದರ ಹಿಂದೆ ಹೋಗುತ್ತದೆ, ಚೆಂಡು ಗೆರೆ ಬಿಡುತ್ತದೆ. ಎಡ ಕಂಕುಳಲ್ಲಿ ಒಂದು ಕರವಸ್ತ್ರ ಇಡಿ. ಗ್ಲೌಸು ಇಳಿದ ಮೇಲೆ ಅದನ್ನು ಹಿಡಿದುಕೊಂಡೇ ಚೆಂಡು ಬಿಡಬೇಕು. ಕರವಸ್ತ್ರ ಬಿದ್ದರೆ ಆ ಎಸೆತ ಲೆಕ್ಕಕ್ಕಿಲ್ಲ.

ಇದೆರಡೂ ಹದಕ್ಕೆ ಬಂದ ಮೇಲಷ್ಟೇ ನಿಂತಲ್ಲೇ ಪೂರ್ತಿ ಸುತ್ತು. ಅದರ ನಂತರ ಮಕ್ಕಳಿಗೆ ತುಂಬಾ ಇಷ್ಟವಾಗುವ ಎರಡು ಸುತ್ತಿನ ಅಭ್ಯಾಸ: ತೋಳನ್ನು ಎರಡು ಸಲ ವೇಗವಾಗಿ ತಿರುಗಿಸಿ ಎರಡನೆಯದರಲ್ಲಿ ಚೆಂಡು ಬಿಡುವುದು. ತೋಳು ಬಿಗಿ ಇದ್ದರೆ ಎರಡನೇ ಸುತ್ತಿಗೇ ಗೊತ್ತಾಗಿಬಿಡುತ್ತದೆ, ಭುಜ ಕಿವಿಗೆ ಏರುತ್ತದೆ. ಪಂದ್ಯದಲ್ಲಿ ವಿಂಡ್‌ಮಿಲ್ (ಹೀಗೆ ತೋಳು ಸುತ್ತಿಸಿ ಎಸೆಯುವುದು) ಒಂದೇ ಸುತ್ತು. ಎರಡು ಸುತ್ತಿದರೆ ಅಂಪೈರ್ ತಪ್ಪು ಎಸೆತ ಎನ್ನುತ್ತಾರೆ.

4. ಒದ್ದೆ ಮರಳಿನ ಸ್ಲೇಟು

ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಹೊಳೆಯುವ ಗಟ್ಟಿ ಮರಳು ಉಳಿಯುತ್ತದಲ್ಲ, ಅದರ ಮೇಲೆ ಬರಿಗಾಲಲ್ಲಿ ಕಾಲಿನ ಅಭ್ಯಾಸ. ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ಸಂಜೆಯ ಹೊತ್ತಿಗೆ ಹೊಂದುವ ದಿನಗಳನ್ನು ಮೀನುಗಾರರ ಕೇರಿಯ ಹುಡುಗಿಯರನ್ನೇ ಕೇಳಿ ಗುರುತು ಹಾಕಿಕೊಳ್ಳುತ್ತೇನೆ. ಒಣಮರಳಿನಲ್ಲಿ ಮಾತ್ರ ಬೇಡ. ಕಾಲು ಹೂತು ಹೆಜ್ಜೆ ಗಿಡ್ಡವಾಗುತ್ತದೆ, ಆ ಗಿಡ್ಡ ಹೆಜ್ಜೆಯೇ ಅಭ್ಯಾಸವಾಗಿಬಿಡುತ್ತದೆ.

ನಿಂತ ಜಾಗದಲ್ಲಿ ಎರಡು ಅಡಿ ಅಗಲದ ಅಡ್ಡಗೆರೆ ಎಳೆಯಿರಿ, ಅದು ಪಿಚಿಂಗ್ ಪ್ಲೇಟು. ಅದರ ನಡುವಿನಿಂದ ಗುರಿಯ ಕಡೆ ಕೋಲಿನಲ್ಲಿ ನೇರ ಗೆರೆ ಎಳೆಯಿರಿ. ಬಲಗಾಲಿನಿಂದ ನೆಲವನ್ನು ಒದ್ದು, ಎಡಗಾಲು ಮುಂದೆ ಚಾಚಿ, ಪೂರ್ತಿ ಎಸೆತ ಎಸೆಯಿರಿ. ಎಸೆದು ಅಲ್ಲೇ ನಿಲ್ಲಿ. ಚೆಂಡು ಎಲ್ಲಿ ಹೋಯಿತು ಎಂದು ನೋಡಬೇಡಿ, ಮರಳು ನೋಡಿ.

ಮೊದಲು ಎಡಪಾದದ ಅಚ್ಚು. ಗೆರೆಯ ಮೇಲೆ ಅಥವಾ ಗೆರೆಗೆ ತಾಗಿ ಇರಬೇಕು. ಬೆರಳುಗಳು ನೇರ ಗುರಿಯತ್ತ ಇರಬೇಕಿಲ್ಲ, ಬಲಕ್ಕೆ 30ರಿಂದ 45 ಡಿಗ್ರಿ ಓರೆಯಾಗಿರಲಿ. ಪಾದ ಗೆರೆ ದಾಟಿ ಬಲಕ್ಕೆ ಬಿದ್ದಿದ್ದರೆ ಸೊಂಟ ದಾರಿಗೆ ಅಡ್ಡ ಬಂತು ಎಂದರ್ಥ. ಕೈ ಸುತ್ತು ಹಾಕಿಕೊಂಡು ಹೋಗುತ್ತದೆ, ಇಲ್ಲವೇ ಮಣಿಕಟ್ಟು ತೊಡೆಗೆ ಬಡಿಯುತ್ತದೆ. ತೀರಾ ಎಡಕ್ಕೆ ಬಿದ್ದಿದ್ದರೆ ದೇಹದ ಬಲವೆಲ್ಲ ಮೊದಲ ಬೇಸಿನ ಕಡೆ ಸೋರಿಹೋಯಿತು. ಹಿಮ್ಮಡಿ ಆಳ, ಬೆರಳು ತೆಳು ಅಚ್ಚಾಗಿದ್ದರೆ ಕಾಲು ನೆಟ್ಟಗೆ ಊರಿ ದೇಹವನ್ನು ತಡೆದಿದೆ, ಒಳ್ಳೆಯದು. ಬೆರಳ ಕಡೆ ಆಳವಾಗಿದ್ದರೆ ಮೈ ಮುಂದಕ್ಕೆ ಬಗ್ಗಿದೆ. ಪಂಜೆ ಕೊಡವುವ ಮಾತು ಇಲ್ಲಿಗೂ ಬರುತ್ತದೆ: ಮುಂಗಾಲು ತಟ್ಟನೆ ನಿಂತರಷ್ಟೇ ತೋಳು ಚಾಟಿಯಾಗುತ್ತದೆ.

ಆಮೇಲೆ ಬಲಗಾಲಿನ ಗುರುತು. ಪ್ಲೇಟಿನಿಂದ ಹೊರಟ ಹೆಬ್ಬೆರಳು ಮರಳಿನಲ್ಲಿ ಏಡಿ ಓಡಿದಂತೆ ಒಂದೇ ಗೀರು ಎಳೆದಿರಬೇಕು. ಗೀರು ನಡುವೆ ಮಾಯವಾಗಿ, ಮುಂದೆ ಹೊಸದಾಗಿ ಆಳದ ಗುಳಿ ಬಿದ್ದಿದ್ದರೆ ನೀವು ಜಿಗಿದು ಎರಡನೇ ಸಲ ಕಾಲೂರಿ ಅಲ್ಲಿಂದ ಒದ್ದಿದ್ದೀರಿ. ಇದನ್ನು ಕ್ರೋ ಹಾಪ್ ಎನ್ನುತ್ತಾರೆ, ನಿಯಮಬಾಹಿರ. ನಮ್ಮಲ್ಲಿ ಉದ್ದ ಜಿಗಿತ ಮಾಡಿ ಬಂದ ಹುಡುಗಿಯರಿಗೆಲ್ಲ ಈ ಚಟ ಇರುತ್ತದೆ. ಒಬ್ಬಳು, "ಗುಳಿ ನಂದಲ್ಲ, ಏಡಿದು" ಎಂದು ವಾದ ಮಾಡಿದಳು. ಏಡಿಯ ಬಿಲ ಇನ್ನೂ ಚಿಕ್ಕದಿರುತ್ತದೆ ಮಾರಾಯ್ತಿ ಎಂದೆ.

ಹೆಜ್ಜೆಯ ಉದ್ದ ಅಳೆದು ಬರೆದಿಡಿ. ಹೊಸಬರು ಸಾಮಾನ್ಯವಾಗಿ ತಮ್ಮ ಎತ್ತರದ ಅರ್ಧದಷ್ಟು ಹೆಜ್ಜೆ ಹಾಕುತ್ತಾರೆ. ಮುಕ್ಕಾಲಿಗೆ ಬಂದರೆ ವೇಗ ತಾನಾಗಿ ಏರುತ್ತದೆ. ಅದಕ್ಕಿಂತ ಉದ್ದ ಬಲವಂತವಾಗಿ ಎಳೆಸಬೇಡಿ. ಕಾಲು ಗಟ್ಟಿಯಾದ ಹಾಗೆ ಅದೇ ಬೆಳೆಯುತ್ತದೆ.

ಕೆಮ್ಮಣ್ಣಿನ ಅಂಗಳದಲ್ಲಿ ಇದೇ ಗೀರು ಬೂಟನ್ನು ತಿನ್ನುತ್ತದೆ. ಚಿರೇಕಲ್ಲಿನ ಪುಡಿ ಉಪ್ಪುಕಾಗದದ ಹಾಗೆ, ಎರಡು ತಿಂಗಳಲ್ಲಿ ಬಲಬೂಟಿನ ಮೂತಿ ತೂತು. ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವರ ಬಳಿ ಹಳೆ ಸ್ಕೂಟರ್ ಟೈರಿನ ತುಂಡನ್ನು ಮೂತಿಗೆ ಹಾಕಿಸಿಕೊಳ್ಳಿ, ಇನ್ನೂ ಆರು ತಿಂಗಳು ಬರುತ್ತದೆ. ಒಂದೇ ಬೂಟಿಗೆ ಯಾಕೆ ಎಂದು ಅವರು ಕೇಳಿಯೇ ಕೇಳುತ್ತಾರೆ.

5. ನಡೆದು ಎಸೆಯುವುದು, ದೂರದಿಂದ ಎಸೆಯುವುದು

ಪ್ಲೇಟಿನ ಹಿಂದಿನಿಂದ ಎಡ, ಬಲ ಎಂದು ಎರಡು ಹೆಜ್ಜೆ ನಡೆದು ಬಂದು ಮೂರನೆಯದರಲ್ಲಿ ಎಸೆಯಿರಿ. ನಿಂತಲ್ಲಿಂದ ಹೊರಡಲು ಹೆದರುವವರಿಗೆ, ಮೈಯ ಓಘ ತೋಳಿಗೆ ಬರುವುದು ಹೇಗೆಂದು ಇದರಿಂದ ತಿಳಿಯುತ್ತದೆ. ಹತ್ತು ಚೆಂಡು ಸಾಕು. ಪಂದ್ಯದಲ್ಲಿ ಇದೂ ನಡೆಯುವುದಿಲ್ಲ ಎಂದು ಹೇಳಬೇಕಿಲ್ಲ.

ವಾರಕ್ಕೊಮ್ಮೆ 43 ಅಡಿಯಿಂದ ಹಿಂದೆ ಹಿಂದೆ ಸರಿಯುತ್ತ 60 ಅಡಿಯವರೆಗೆ ಹೋಗಿ ಪುಟ ಬೀಳದಂತೆ ಕ್ಯಾಚರಿಗೆ ಮುಟ್ಟಿಸಿ. ಮುಟ್ಟಿಸಲು ಮೈ ಹಿಂದಕ್ಕೆ ವಾಲುತ್ತಿದೆ ಎಂದು ಕಂಡ ತಕ್ಷಣ ಐದು ಅಡಿ ಮುಂದೆ ಬನ್ನಿ.

6. ಗುರಿ

ಹೋಮ್ ಪ್ಲೇಟಿನ ಅಗಲ 17 ಇಂಚು. ಸ್ಟ್ರೈಕಿನ, ಅಂದರೆ ಅಂಪೈರ್ ಸರಿ ಎನ್ನುವ ಎಸೆತದ, ಎತ್ತರ ಬ್ಯಾಟರಿನ ಮಂಡಿಯ ಮೇಲ್ತುದಿಯಿಂದ ಕಂಕುಳಿನವರೆಗೆ. ಎರಡು ಕಂಬಗಳ ನಡುವೆ ಆ ಎರಡು ಎತ್ತರಕ್ಕೆ ನಾರಿನ ಹಗ್ಗ ಅಡ್ಡ ಕಟ್ಟಿ, 17 ಇಂಚು ಅಂತರದಲ್ಲಿ ಎರಡು ಹಗ್ಗ ಉದ್ದಕ್ಕೆ ಇಳಿಬಿಡಿ. ಕಿಟಕಿ ಸಿದ್ಧ. ಹತ್ತು ಚೆಂಡಿನಲ್ಲಿ ಕಿಟಕಿಯೊಳಗೆ ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹತ್ತಕ್ಕೆ ಆರು ಬರುವವರೆಗೆ 35 ಅಡಿ, ಆಮೇಲೆ 40, ಅಲ್ಲೂ ಆರು ಬಂದರೆ 43.

ಚೆಂಡು ಎತ್ತರ ಹೋಗುತ್ತಿದ್ದರೆ ಕೈ ತಡವಾಗಿ ಬಿಡುತ್ತಿದೆ. ನೆಲಕ್ಕೆ ಬಡಿಯುತ್ತಿದ್ದರೆ ಬೇಗ ಬಿಡುತ್ತಿದೆ. ಎರಡಕ್ಕೂ ಮದ್ದು ಒಂದೇ, ಸೊಂಟ ಸವರುವ ಅಭ್ಯಾಸಕ್ಕೆ ಮರಳಿ ಹತ್ತು ಚೆಂಡು. ಎಡ-ಬಲ ತಪ್ಪುತ್ತಿದ್ದರೆ ಕೈಯನ್ನು ಬಯ್ಯುವ ಮೊದಲು ಕಾಲಿನ ಗೆರೆ ನೋಡಿ.

ವೇಗ ಅಳೆಯಲು ರಾಡಾರ್ ಗನ್ ಬೇಡ. ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಸ್ಲೋಮೋಷನ್ ಇದ್ದರೆ, ಕೈ ಬಿಟ್ಟ ಫ್ರೇಮಿನಿಂದ ಗ್ಲೌಸಿಗೆ ತಾಗಿದ ಫ್ರೇಮಿನವರೆಗೆ ಎಣಿಸಿ. ಪ್ಲೇಟು 43 ಅಡಿಯಲ್ಲಿದ್ದರೂ ಪಿಚ್ಚರ್ ಮುಂದೆ ಬಂದು ಬಿಡುತ್ತಾಳೆ, ಕ್ಯಾಚರ್ ಹೋಮ್ ಪ್ಲೇಟಿನ ಹಿಂದೆ ಇರುತ್ತಾಳೆ. ಚೆಂಡು ಹಾರುವ ದೂರ ಅಂದಾಜು 12 ಮೀಟರ್. 144 ಫ್ರೇಮ್ ಆದರೆ 0.6 ಸೆಕೆಂಡ್, 12ನ್ನು 0.6ರಿಂದ ಭಾಗಿಸಿದರೆ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ತಿಂಗಳಿಗೊಮ್ಮೆ ಸಾಕು. ದಿನಾ ಅಳೆದರೆ ಮಕ್ಕಳು ವೇಗದ ಹಿಂದೆ ಬಿದ್ದು ಮತ್ತೆ ತೋಳು ಬಿಗಿ ಮಾಡುತ್ತಾರೆ.

7. ಚೇಂಜ್‌ಅಪ್

ಎರಡನೇ ಎಸೆತವಾಗಿ ಏನು ಕಲಿಸಲಿ ಎಂದು ಪಿ.ಟಿ. ಮಾಸ್ತರರು ಕೇಳಿದರೆ ಯೋಚಿಸದೆ ಚೇಂಜ್‌ಅಪ್, ಅಂದರೆ ಜೋರಿನದರಂತೆ ಕಂಡು ನಿಧಾನವಾಗಿ ಬರುವ ಚೆಂಡು, ಎನ್ನುತ್ತೇನೆ. ಮಕ್ಕಳು ರೈಸ್, ಅಂದರೆ ಮೇಲೇರುವ ಚೆಂಡು, ಕೇಳುತ್ತಾರೆ. ರೈಸ್ ನಿಜಕ್ಕೂ ಮೇಲೇರುವುದಿಲ್ಲ. ಹಿಮ್ಮುಖ ತಿರುಗಾಟದಿಂದ ಬೀಳಬೇಕಾದಷ್ಟು ಬೀಳದೆ ಕಣ್ಣಿಗೆ ಏರಿದಂತೆ ಕಾಣುತ್ತದೆ. ಅದಕ್ಕೆ ವೇಗ ಬೇಕು, ಬೆರಳಿನಲ್ಲಿ ಕಸುವು ಬೇಕು. ಹೈಸ್ಕೂಲು ಮುಗಿಯುವವರೆಗೆ ಅದರ ಗೊಡವೆ ಬೇಡ.

ಚೇಂಜ್‌ಅಪ್‌ಗೆ ಚೆಂಡನ್ನು ಅಂಗೈಗೆ ಪೂರ್ತಿ ಒತ್ತಿ ಹಿಡಿಯಿರಿ. ಪೆನ್ಸಿಲಿನ ಸಂದು ಈಗ ಇರಬಾರದು. ಹೆಜ್ಜೆ ಅದೇ, ಸುತ್ತು ಅದೇ, ಸೊಂಟ ಸವರುವುದೂ ಅದೇ. ಹಿಡಿತ ಬದಲಾದದ್ದಕ್ಕೇ ಚೆಂಡು ನಿಧಾನವಾಗುತ್ತದೆ. ತೋಳನ್ನು ನಿಧಾನ ಮಾಡಿದರೆ ಬ್ಯಾಟರಿಗೆ ಕಾಗದ ಬರೆದು ತಿಳಿಸಿದ ಹಾಗೆ. ಅಭ್ಯಾಸಕ್ಕೆ ಗೆಳತಿಯೊಬ್ಬಳು ಬ್ಯಾಟ್ ಹಿಡಿದು ಹೆಲ್ಮೆಟ್ ಹಾಕಿ ನಿಲ್ಲಲಿ. ಹೊಡೆಯುವುದು ಬೇಡ. ಚೆಂಡು ಕೈ ಬಿಡುವ ಮೊದಲೇ 'ಜೋರು' ಅಥವಾ 'ನಿಧಾನ' ಎಂದು ಕೂಗಲಿ. ಹತ್ತಕ್ಕೆ ಐದಕ್ಕಿಂತ ಹೆಚ್ಚು ಸರಿ ಕೂಗಿದರೆ ನಿಮ್ಮ ಮೈ ಏನೋ ಗುಟ್ಟು ಬಿಟ್ಟುಕೊಡುತ್ತಿದೆ. ಹೆಚ್ಚಿನ ಸಲ ಅದು ಮುಖ. ನಿಧಾನದ ಚೆಂಡಿಗೆ ಮೊದಲು ತುಟಿ ಕಚ್ಚುವ ಹುಡುಗಿ ನಮ್ಮಲ್ಲಿದ್ದಾಳೆ.

ಎಷ್ಟು ಎಸೆಯಬೇಕು

ಕೈ ಕೆಳಗಿಂದ ಎಸೆದರೆ ಭುಜಕ್ಕೆ ಏನೂ ಆಗದು ಎನ್ನುವುದು ಹಳೆಯ ನಂಬಿಕೆ, ತಪ್ಪು ನಂಬಿಕೆ. ವಿಂಡ್‌ಮಿಲ್ ಎಸೆತದಲ್ಲಿ ತೋಳನ್ನು ಭುಜದ ಕೀಲಿನಿಂದ ಹೊರಗೆಳೆಯುವ ಸೆಳೆತ ಮೈತೂಕದ ಹತ್ತಿರಕ್ಕೆ ಬರುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಯುಕಿಕೊ ಉಯೆನೊ ಎರಡು ದಿನದಲ್ಲಿ 413 ಚೆಂಡು ಎಸೆದು ಚಿನ್ನ ತಂದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 39ನೇ ವಯಸ್ಸಿಗೆ ಮತ್ತೆ ಗೆದ್ದರು. ಮಕ್ಕಳಿಗೆ ಈ ಕತೆ ಹೇಳಿ, ಆದರೆ ಸಂಖ್ಯೆಯನ್ನು ಮಾತ್ರ ಮಾದರಿ ಮಾಡಬೇಡಿ. ನಾನು ಹೈಸ್ಕೂಲು ಹುಡುಗಿಯರಿಗೆ ವಾರಕ್ಕೆ ನಾಲ್ಕು ದಿನ, ದಿನಕ್ಕೆ 70ರಿಂದ 80 ಚೆಂಡು, ಅದರಲ್ಲಿ ಪೂರ್ತಿ ಜೋರಿನವು 30 ಮೀರದಂತೆ ಇಟ್ಟಿದ್ದೇನೆ. ಮೈ ಕೈ ನೋವು ಬೇರೆ, ಭುಜದ ಮುಂಭಾಗದಲ್ಲಿ ಒಂದೇ ಕಡೆ ಚುಚ್ಚುವ ನೋವು ಬೇರೆ. ಎರಡನೆಯದು ಬಂದರೆ ಆ ದಿನ ಅಲ್ಲಿಗೇ ಮುಗಿಯಿತು. ಮೂರು ದಿನ ಬಿಟ್ಟೂ ಹೋಗದಿದ್ದರೆ ಡಾಕ್ಟರು.

ಮಳೆಗಾಲದಲ್ಲಿ

ಜೂನ್ ಬಂತೆಂದರೆ ಸಪ್ಟೆಂಬರಿನವರೆಗೆ ಕರಾವಳಿಯಲ್ಲೂ ಶಿರಸಿ ಕಡೆಯೂ ಅಂಗಳದ ಮಾತು ಎತ್ತುವ ಹಾಗಿಲ್ಲ. ಆಗ ಜಗುಲಿಯಲ್ಲಿ ಕಾಲುಚೀಲದ ಅಭ್ಯಾಸ. ಮಂಡಿಯವರೆಗೆ ಬರುವ ಗಟ್ಟಿ ಕಾಲುಚೀಲದೊಳಗೆ ಚೆಂಡು ಹಾಕಿ, ಚೀಲದ ಬಾಯಿಯನ್ನು ಮಣಿಕಟ್ಟಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದು, ಚೆಂಡನ್ನು ಚೀಲದ ಮೇಲಿಂದಲೇ ಬೆರಳಲ್ಲಿ ಹಿಡಿದು, ಒಂಬತ್ತು ಗಂಟೆಯಿಂದ ಸೊಂಟದವರೆಗೆ ತಂದು ಬಿಡಿ. ಚೆಂಡು ಕೈ ಬಿಡುತ್ತದೆ, ಚೀಲ ಬಿಡುವುದಿಲ್ಲ. ಮೊದಲ ದಿನ ಮೆಲ್ಲಗೆ ಮಾಡಿ, ಚೀಲ ಹೊಸದಿರಲಿ. ಶಿರಸಿಯ ಒಬ್ಬಳು ಅಣ್ಣನ ಹರಕು ಕಾಲುಚೀಲ ಹಾಕಿಕೊಂಡು ಎಸೆದಳು. ಚೆಂಡು ಹೆಬ್ಬೆರಳಿನ ತೂತಿನಿಂದ ಹಾರಿ, ಮೆತ್ತಿನ ಮೇಲಿನ ಅಡಕೆ ಬುಟ್ಟಿಯನ್ನು ಉರುಳಿಸಿ ಇಳಿಯಿತಂತೆ. ಮರುದಿನದಿಂದ ಅವಳ ಅಭ್ಯಾಸ ಕೊಟ್ಟಿಗೆಗೆ ವರ್ಗವಾಯಿತು. ಅಲ್ಲಿ ಎಮ್ಮೆ ಒಂದೇ ಪ್ರೇಕ್ಷಕಿ, ಅದು ಏನೂ ಹೇಳುವುದಿಲ್ಲ ಎಂದು ಫೋನಿನಲ್ಲಿ ಹೇಳಿದಳು.

ಒದ್ದೆಯಾದ ಚರ್ಮದ ಚೆಂಡನ್ನು ಒಲೆಯ ಹತ್ತಿರ ಇಟ್ಟು ಒಣಗಿಸಬೇಡಿ, ಹೊಲಿಗೆ ಸೆಟೆದು ಬಿರಿಯುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಹಳೆ ಪತ್ರಿಕೆಯಲ್ಲಿ ಸುತ್ತಿ, ಗಾಳಿಯಾಡುವ ಕಡೆ ಎರಡು ದಿನ ಬಿಡಿ. ಕಪ್ಪು ಟೇಪು ಸುತ್ತಿದ ಚೆಂಡಾದರೆ ಮೊದಲು ಟೇಪು ಕಿತ್ತು ಸುತ್ತಿ.